ಕಣಿಕಿ ನೆನೆಸಿದ ನೀರು

ತೆಂಗಳಿಯಲ್ಲಿ ನಮ್ಮ ಪಕ್ಕದ ಹೊಲದ ಅಕ್ಕ ಕಳೆಗೆ ಅಂಗಡಿಯ ಔಷಧಿ ಹೊಡೆಯುತ್ತಿರಲಿಲ್ಲ. ಜೋಳದ ಒಣ ದಂಟನ್ನು, ಅಂದರೆ ಕಣಿಕಿಯನ್ನು, ಕತ್ತರಿಸಿ ಡ್ರಮ್ಮಿನಲ್ಲಿ ನೆನೆಹಾಕಿ, ಆ ನೀರನ್ನೇ ಸೋಸಿ ತೊಗರಿ ಸಾಲುಗಳ ನಡುವೆ ಸಿಂಪಡಿಸುತ್ತಿದ್ದರು. ಕಳೆ ಪೂರ್ತಿ ಸಾಯುತ್ತಿರಲಿಲ್ಲ, ಸೊರಗುತ್ತಿತ್ತು. ಯಾರಾದರೂ ನಕ್ಕರೆ ಸೆರಗಿಗೆ ಕೈ ಒರೆಸಿಕೊಂಡು, "ಸಾವಕಾಶ ಆಗ್ತದ್ರಿ," ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮ ಗಬ್ಬದ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗಿ ಆ ಡ್ರಮ್ಮಿಗೆ ಬಾಯಿ ಹಾಕಿತು. ಕಳೆಯ ಔಷಧಿ ಕುಡಿಯಿತಲ್ಲ ಎಂದು ನಾನು ಅಳುತ್ತಾ ಓಡಿದೆ.

"ಯಾಕ ಅಳಾಕತ್ತೀ ತಂಗಿ? ಅದು ದಿನಾ ತಿನ್ನೋ ಕಣಿಕಿದೇ ನೀರು ಅದ," ಎಂದು ಅಕ್ಕ ತಾವೂ ಒಂದು ಬೊಗಸೆ ಕುಡಿದರು.

ನಾನು ಕಣ್ಣೊರೆಸಿಕೊಂಡು ಬದುವಿನ ಮೇಲೆ ಕುಳಿತೆ. ಎಮ್ಮೆ ಕುಡಿಯುತ್ತಲೇ ಇತ್ತು.

ಎಂಟು ದಿನಕ್ಕೆ ಅದು ಈಯಿತು. ಗಿಣ್ಣದ ಹಾಲು ಮೊದಲು ಅಕ್ಕನ ಮನೆಗೆ ಹೋಯಿತು.