ಪೆಟ್ಟಾದ ಕಾರು

ಎಲ್ಲವೂ ಸರಿಯಿದ್ದ ಕೊನೆಯ ದಿನ, ಸಂಜೆ ಮೂಡುಬಿದಿರೆಯಿಂದ ಬರುವಾಗ ನನ್ನ ಮಂಡಿನೋವು ಜೋರಾಗಿತ್ತು. ನಾನು ಅಲ್ಲಿನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವವಳು. ಮಕ್ಕಳನ್ನು ಸೇರಿಸುವ ಸಮಯ, ಮೆಟ್ಟಿಲು ಹತ್ತಿ ಇಳಿದು ಸಾಕಾಗಿತ್ತು. ಕಾರಿನಲ್ಲಿ ಕಾಲು ನೀಡಲು ನೋಡಿದರೆ ಜಾಗ ಸಾಲದು. ತಮ್ಮ ಗೇರ್ ಹಾಕುತ್ತಾ ನಗಾಡಿದ.

"ನಿನ್ನ ಕಾರ್‌ಗೂ ಬೇನೆ, ನನ್ನ ಕಾರ್‌ಗೂ ಬೇನೆ. ಎರಡನ್ನೂ ಒಟ್ಟಿಗೇ ಗ್ಯಾರೇಜಿಗೆ ಬಿಡುವ ಅಕ್ಕ."

ತುಳುವಿನಲ್ಲಿ ನಾವು ಕಾಲಿಗೆ ‘ಕಾರ್’ ಎನ್ನುತ್ತೇವೆ. ಓಡಿಸುವ ಕಾರಿಗೂ ಅದೇ ಮಾತು. ನಮ್ಮ ಕಡೆ ಎಲ್ಲರೂ ಮಾಡುವ ತಮಾಷೆ ಇದು. ಅವನು ಮಾತ್ರ ಪ್ರತಿ ಸಲ ತಾನೇ ಕಂಡುಹಿಡಿದವನಂತೆ ಹೇಳುತ್ತಿದ್ದ.

"ಮೊದಲು ನಿನ್ನ ಬಾಯಿಯನ್ನು ಬಿಡಬೇಕು ಗ್ಯಾರೇಜಿಗೆ" ಎಂದೆ.

ಸಿದ್ಧಕಟ್ಟೆಯಲ್ಲಿ ನಿಲ್ಲಿಸಿ ಬಂಗುಡೆ ಮೀನು ತೆಗೆದುಕೊಂಡೆವು. ನನ್ನ ಗಂಡ ಗಲ್ಫಿನಲ್ಲಿ. ಮದುವೆಯಾಗದ ತಮ್ಮ ನನ್ನ ಜೊತೆಗೇ ಇದ್ದ. ಅವನಿಗೂ ಮೂಡುಬಿದಿರೆಯಲ್ಲೇ ಒಂದು ಪ್ಲೈವುಡ್ ಅಂಗಡಿಯಲ್ಲಿ ಕೆಲಸ. ಹಾಗಾಗಿ ಹೋಗುವುದೂ ಬರುವುದೂ ಅವನ ಹಳೆಯ ಬಿಳಿ ಕಾರಿನಲ್ಲಿ. ಊಟ ಮಾಡುವಾಗ "ನಾಳೆ ರಜೆ ಹಾಕು, ಎಣ್ಣೆ ಹಚ್ಚಿಕೊಂಡು ಮಲಗು" ಎಂದ. ಹಾಕಿದೆ.

ಮರುದಿನ ಅವನೊಬ್ಬನೇ ಹೊರಟ. ಸ್ವಲ್ಪ ಹೊತ್ತಿಗೆ ದಾರಿಯ ಮೇಲಿನ ಅಂಗಡಿಯವರ ಫೋನ್ ಬಂತು.

"ಅಕ್ಕ, ಮೆಗ್ಯನ ಕಾರ್‌ಗ್ ಪೆಟ್ಟಾತ್ಂಡ್. ಬೇಗ ಬಲೆ."

ತಮ್ಮನ ಕಾರಿಗೆ ಪೆಟ್ಟಾಗಿದೆ, ಬೇಗ ಬನ್ನಿ ಎಂದು ಅವರು ಹೇಳಿದ್ದು. ನನಗೆ ಕೇಳಿಸಿದ್ದು ಕಾಲು. ಮೂಳೆ ಮುರಿದಿರಬೇಕು, ಬ್ಯಾಂಡೇಜಿನ ಮೇಲೆ ಪ್ಯಾಂಟು ಹೋಗುವುದಿಲ್ಲ ಎಂದುಕೊಂಡು ಅವನ ಒಂದು ಲುಂಗಿಯನ್ನು ಮಡಚಿ ಚೀಲಕ್ಕೆ ಹಾಕಿದೆ. ಕೆಳಗಿನ ಕೋಣೆಯಲ್ಲಿ ಮಂಚ ಎಲ್ಲಿ ಹಾಕುವುದೆಂದು ಯೋಚಿಸಿದೆ. ರಿಕ್ಷಾದಲ್ಲಿ ಕೂತು, ಅವನನ್ನು ಕಂಡ ಕೂಡಲೇ ಹೇಳಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡೆ: ‘ನನ್ನ ಕಾರಿನ ಬೇನೆಯನ್ನು ನೀನು ಯಾಕೆ ತೆಗೆದುಕೊಂಡೆ ಮಾರಾಯ?’

ತಿರುವಿನ ಧೂಪದ ಮರಕ್ಕೆ ಕಾರು ಬಡಿದು ನಿಂತಿತ್ತು. ಜನ ನನ್ನನ್ನು ನೋಡಿ ದಾರಿ ಬಿಟ್ಟರು. ಅಂಗಡಿಯವರು ತಲೆ ಎತ್ತಲಿಲ್ಲ. ಕಾರಿನ ವಿಷಯ ಹೇಳಿ ಉಳಿದದ್ದನ್ನು ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ಆ ರಿಕ್ಷಾದ ದಾರಿಯಷ್ಟು ಹೊತ್ತು ನನ್ನ ತಮ್ಮ ಬರೀ ಕಾಲು ಮುರಿದುಕೊಂಡವನಾಗಿ ಬದುಕಿದ್ದ. ಈಗಲೂ ಒಮ್ಮೊಮ್ಮೆ ಮನಸ್ಸು ಆ ರಿಕ್ಷಾಕ್ಕೆ ಹೋಗಿ ಕೂರುತ್ತದೆ.

ಆಮೇಲೆ ಬಸ್ಸು. ದಿನಾ ಎರಡು ಸಲ ಆ ಮರದ ಹತ್ತಿರ ಬರುವಾಗ ಬಸ್ಸಿನೊಳಗೆ ಮಾತು ನಿಲ್ಲುತ್ತಿತ್ತು. ಪರಿಚಯದವರು ನನ್ನನ್ನು ನೋಡುತ್ತಿದ್ದರು. ಗೊತ್ತಿಲ್ಲದವರಿಗೆ ಪಕ್ಕದವರು ಮೆಲ್ಲಗೆ ಹೇಳುತ್ತಿದ್ದರು. ಅವರದು ಕನಿಕರವೇ. ಆದರೂ ನನಗೆ ತಡೆಯಲಿಕ್ಕಾಗಲಿಲ್ಲ. ಎದುರಿನಿಂದ ಸಣ್ಣ ಬಿಳಿ ಕಾರು ಬಂದರೆ ನನ್ನ ಕಣ್ಣು ತಾನಾಗಿ ಡ್ರೈವರಿನ ಮುಖ ಹುಡುಕುತ್ತಿತ್ತು. ಒಬ್ಬಳೇ ಹೋಗಿ ಬರಲು ನಂಬಿಕೆಯ ಒಂದು ಕಾರು ಬೇಕು, ಇಲ್ಲವಾದರೆ ಕೆಲಸ ಬಿಡುವುದು ಎಂದು ತೀರ್ಮಾನಿಸಿದೆ. ಓಡಿಸಲು ಬರುತ್ತಿತ್ತು, ತಮ್ಮನೇ ಮೈದಾನದಲ್ಲಿ ಬೈದು ಬೈದು ಕಲಿಸಿದ್ದ.

ಗಂಡ ಫೋನಿನಲ್ಲಿ "ಹೊಸದೇ ತೆಗೆಯುವ" ಎಂದರು. ನಾನು ಒಪ್ಪಲಿಲ್ಲ. ಹೊಸ ಕಾರು ಏನು ಮಾಡೀತು ಎಂದು ಯಾರಿಗೂ ಗೊತ್ತಿಲ್ಲ. ಹಳೆಯದು ಇಷ್ಟು ವರ್ಷ ಓಡಿ ಉಳಿದಿದೆ, ನನಗೆ ಅಷ್ಟು ಸಾಕು ಎನಿಸಿತ್ತು. ದೊಡ್ಡಮ್ಮನ ಮಗ, ನನ್ನ ಅಣ್ಣ, ಜೊತೆಗೆ ಬಂದ.

ಮೊದಲು ನೋಡಿದ್ದು ಮೆಲ್ಕಾರಿನಲ್ಲಿ. ಹೊರಗಿನಿಂದ ಫಳಫಳ. ನಾನು ಬಾಗಿಲು ತೆರೆದು ಕೂತೆ. ಮಾರುವವನು ನಕ್ಕ.

"ಅಕ್ಕ, ಸ್ಟೇರಿಂಗ್ ಆಚೆ ಬದಿ ಉಂಟು."

ಎಡಗಡೆ ಕೂತಿದ್ದೆ. ಇಳಿಯಲಿಲ್ಲ. ಕಾರು ಎಂದರೆ ನನಗೆ ಗೊತ್ತಿರುವುದು ಆ ಸೀಟಿನಿಂದಲೇ. ಕ್ಲಚ್ಚು ಸವೆದರೆ ಅಲ್ಲಿಗೆ ಹೇಗೆ ಕೇಳುತ್ತದೆ, ಚಕ್ರದ ಬೇರಿಂಗ್ ಹೋದರೆ ಯಾವ ಸ್ವರ, ಎಲ್ಲ ತಮ್ಮನ ಪಕ್ಕ ಕೂತು ಕಲಿತದ್ದು. ಆ ಕಾರಿನಲ್ಲಿ ಸೆಂಟಿನ ವಾಸನೆ ಹೆಚ್ಚಾಗಿತ್ತು. ಅದರ ಅಡಿಯಲ್ಲಿ ಒಣಗದ ಬಟ್ಟೆಯ ವಾಸನೆ. ಅಣ್ಣ ಮ್ಯಾಟ್ ಎತ್ತಿ ಬೆರಳಿನಿಂದ ಉಜ್ಜಿದ. ನಯವಾದ ಹೊಳೆಯ ಕೆಸರು.

"ಇದು ನೇತ್ರಾವತಿಯಲ್ಲಿ ಮಿಂದು ಬಂದದ್ದು. ಪುಣ್ಯದ ಗಾಡಿ, ನೀವೇ ಇಟ್ಟುಕೊಳ್ಳಿ" ಎಂದ.

ಬೆಳ್ತಂಗಡಿಯಲ್ಲಿ ಇನ್ನೊಂದು. ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಬಾನೆಟ್ ಮುಟ್ಟಿದರೆ ಬಿಸಿ, ನಾವು ಬರುವ ಮೊದಲೇ ಓಡಿಸಿಟ್ಟಿದ್ದರು. ಬೆಳಿಗ್ಗೆ ತಣ್ಣಗಿರುವಾಗ ಅದು ಏನು ಮಾಡುತ್ತದೆಂದು ತಿಳಿಯದೆ ನಾನು ಹೇಗೆ ನಂಬಲಿ? ಹಿಂದಕ್ಕೆ ಬಂದೆವು.

ಮೂರನೆಯದು ಉಜಿರೆಯಲ್ಲಿ, ನಿವೃತ್ತ ಮಾಸ್ಟ್ರೊಬ್ಬರ ಮನೆಯಲ್ಲಿ. ಕಣ್ಣು ಮಂದವಾಯಿತೆಂದು ಮಾರುವವರು. ಬೂದು ಬಣ್ಣದ ಕಾರು, ತಮ್ಮನ ಕಾರಿಗಿಂತಲೂ ಹಳೆಯದು. "ಬೆಳಿಗ್ಗೆಯೇ ಬನ್ನಿ, ನೀವೇ ಸ್ಟಾರ್ಟ್ ಮಾಡಿ" ಎಂದು ಹೇಳಿದ್ದರು. ತಣ್ಣಗಿನ ಇಂಜಿನ್ ಒಮ್ಮೆ ಕೆಮ್ಮಿದಂತೆ ಮಾಡಿ ಸರಿಯಾಗಿ ಓಡತೊಡಗಿತು. ಅಣ್ಣ ಓಡಿಸಿದ, ನಾನು ಎಡಗಡೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತೆ. ಬೇಡದ ಸ್ವರ ಒಂದೂ ಇಲ್ಲ. ಗುಂಡಿಗೆ ಇಳಿದಾಗ ಪಕ್ಕದಿಂದ ಒಂದು ಬೈಗುಳ ಬರಬೇಕಿತ್ತು. ಬರಲಿಲ್ಲ. ಕಣ್ಣು ತೆರೆದರೆ ಅಣ್ಣ.

ಮರಳಿ ಬಂದು ಅಂಗಳದಲ್ಲಿ ನಿಂತಾಗ ಅಣ್ಣ ಬಂಪರಿನ ಬಣ್ಣವನ್ನು ಓರೆಯಿಂದ ನೋಡಿ ಹುಬ್ಬು ಏರಿಸಿದ. ಅಷ್ಟು ಹೊತ್ತು ಪುಸ್ತಕದ ಕನ್ನಡದಲ್ಲಿ ಮಾತಾಡಿದ್ದ ಮಾಸ್ಟ್ರು ಸಂಕೋಚದಿಂದ ತುಳುವಿಗೆ ತಿರುಗಿದರು.

"ಒರ ಕಾರ್‌ಗ್ ಪೆಟ್ಟಾತ್ಂಡ್."

ಒಮ್ಮೆ ಕಾರಿಗೆ ಪೆಟ್ಟಾಗಿದೆ. ನನ್ನ ಕಣ್ಣು ಅವರ ಕಾಲಿಗೆ ಹೋಯಿತು. ಬಿಳಿ ಪಂಚೆಯ ಕೆಳಗೆ ಎರಡು ಸಪೂರ ಕಾಲುಗಳು, ರಬ್ಬರ್ ಚಪ್ಪಲಿ. ಎರಡೂ ನೆಟ್ಟಗಿದ್ದವು. ಮಾಸ್ಟ್ರು ತಮ್ಮ ಕಾಲನ್ನು ತಾವೇ ನೋಡಿಕೊಂಡರು. ಅಣ್ಣನಿಗೆ ತಿಳಿಯಿತೆಂದು ಕಾಣುತ್ತದೆ, ನನ್ನ ಮೊಣಕೈ ಹಿಡಿದ.

"ಪೆಟ್ಟಾದ ಗಾಡಿ ನಮಗೆ ಬೇಡ. ಹೋಗುವ."

"ಒಳಗೆ ಯಾರಿದ್ದರು?" ನಾನು ಮಾಸ್ಟ್ರನ್ನು ಕೇಳಿದೆ.

"ನಾನು, ಇವಳು. ಟಿಪ್ಪರಿನ ಹಿಂದೆ ಹೋಗಿ ಹೊಡೆದದ್ದು. ನಮಗೆ ಏನೂ ಆಗಲಿಲ್ಲ. ಅದೇ ಕಾರಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಇವಳು ಬೈದದ್ದು ಬೈದದ್ದೇ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಈಗಲೂ ಬೈತೇನೆ. ಆಕಾಶ ನೋಡಿಕೊಂಡು ಕಾರು ಬಿಡುವವರಿಗೆ ಮತ್ತೇನು ಮುತ್ತು ಕೊಡುವುದಾ?" ಎಂದರು.

"ಇದೇ ಆಗಬಹುದು" ಎಂದೆ.

ಅಣ್ಣ ನನ್ನನ್ನು ಗೇಟಿನ ಹತ್ತಿರ ಕರೆದೊಯ್ದ. "ನಿನಗೆ ತಲೆ ಸರಿ ಉಂಟಾ ಮಾರಾಯ್ತಿ? ಜನ ಪೆಟ್ಟಾಗದ ಗಾಡಿ ಹುಡುಕುವುದು."

ಅವನು ಹೇಳಿದ್ದು ಸರಿಯೇ. ಆದರೂ ನನ್ನ ಲೆಕ್ಕ ಬೇರೆ. ಪೆಟ್ಟಾಗದ ಕಾರುಗಳನ್ನು ನಾನು ನಂಬಲಾರೆ. ಪೆಟ್ಟಾದಾಗ ಅವು ಏನು ಮಾಡುತ್ತವೆ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ. ಇದಕ್ಕೆ ಪೆಟ್ಟಾಗಿತ್ತು, ಇದು ಇಬ್ಬರನ್ನೂ ಮನೆಗೆ ತಂದು ಬಿಟ್ಟಿತ್ತು. ಮೆಕ್ಯಾನಿಕ್ ಒಬ್ಬರು ಕಾರಿನ ಅಡಿಗೆ ಹೋಗಿ ಚಾಸಿ ನೋಡಿ ಏನೂ ತೊಂದರೆಯಿಲ್ಲ ಎಂದ ಮೇಲೆ ಅಣ್ಣನೂ ಒಪ್ಪಿದ.

ಮೊದಲ ದಿನ ಧೂಪದ ಮರದ ಹತ್ತಿರ ಕೈ ಬೆವತು ಸ್ಟೇರಿಂಗ್ ಜಾರಿತು. ಕಾರು ನೇರ ಹೋಯಿತು. ಈಗ ಬೆವರುವುದು ಕಡಿಮೆ. ಮಳೆಗಾಲ ಒಂದು ಕಳೆಯಿತು, ಒಂದು ಬೆಳಿಗ್ಗೆಯೂ ಅದು ಕೈಕೊಟ್ಟಿಲ್ಲ. ಕೆಲಸ ಉಳಿದಿದೆ. ನಾನು ತಡವಾಗದೆ ಶಾಲೆ ತಲುಪುತ್ತೇನೆ, ಬೆಳಕಿರುವಾಗಲೇ ಮನೆಗೆ ಬರುತ್ತೇನೆ.

ಸಂಜೆ ಬರುವ ದಾರಿಯಲ್ಲಿ ಆಫೀಸಿನ ಸುದ್ದಿಯೆಲ್ಲ ತಮ್ಮನಿಗೆ ಹೇಳುತ್ತಿದ್ದೆ. ಯಾರು ಜಗಳ ಮಾಡಿದರು, ಯಾವ ಮಗುವಿನ ಅಪ್ಪ ಬಂದು ಏನು ಕೇಳಿದ ಎಂದು. ಈಗಲೂ ಸುದ್ದಿ ಇರುತ್ತದೆ. ಅದನ್ನು ಕೇಳಲು ಅವನಿಲ್ಲ.