ಇಲಿಗಳ ಕೋಣೆಗೆ ಮಂಗಳಾರತಿ

ನಮ್ಮ ಇಲಿಗಳಿಗೆ ಬೆಳಿಗ್ಗೆ ಒಂಬತ್ತು ಗಂಟೆಗೆ ರಾತ್ರಿಯಾಗುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ನಾನು ವಿಶಾಖಪಟ್ಟಣದಲ್ಲಿ ಸಂಶೋಧನೆ ಮಾಡುತ್ತಿದ್ದಾಗಿನ ಮಾತು ಇದು. ಇಲಿ ಎಚ್ಚರವಾಗಿರುವುದು ಕತ್ತಲಲ್ಲಿ, ನಾವು ಎಚ್ಚರವಾಗಿರುವುದು ಹಗಲಲ್ಲಿ. ಎರಡನ್ನೂ ಹೊಂದಿಸಲು ಕಿಟಕಿಗಳಿಗೆ ಕಪ್ಪು ಬಣ್ಣ ಬಳಿದು, ದೀಪಗಳಿಗೆ ಟೈಮರ್ ಹಾಕಿ, ಅವುಗಳ ಹಗಲು ರಾತ್ರಿಯನ್ನು ಅದಲುಬದಲು ಮಾಡಿದ್ದೆವು. ಕತ್ತಲೆಯ ಹೊತ್ತಿನಲ್ಲಿ ಒಳಗೆ ಒಂದು ಮಂಕು ಕೆಂಪು ಬಲ್ಬು ಮಾತ್ರ. ಕೆಂಪು ಬೆಳಕು ಇಲಿಗೆ ಬಹುಮಟ್ಟಿಗೆ ಕಾಣುವುದಿಲ್ಲ.

ನಾನು ಹುಡುಕುತ್ತಿದ್ದ ಉತ್ತರ ಸಣ್ಣದು. ಇಲಿಯ ರಕ್ತದಲ್ಲಿ ಒತ್ತಡದ ಹಾರ್ಮೋನು ದಿನಕ್ಕೊಮ್ಮೆ, ಕತ್ತಲಾಗುವ ಹೊತ್ತಿಗೆ, ತಾನಾಗಿ ಏರಿ ಆಮೇಲೆ ಇಳಿಯುತ್ತದೆ. ಇಲಿ ಹೆದರಿದರೆ ಹೊತ್ತಲ್ಲದ ಹೊತ್ತಿನಲ್ಲೂ ಏರುತ್ತದೆ. ಎರಡರಲ್ಲೂ ಮಿದುಳಿನ ಸೆರೊಟೋನಿನ್‌ಗೆ ಪಾತ್ರವಿದೆ. ಆದರೆ ಸೆರೊಟೋನಿನ್ ಸುಮ್ಮನೆ ಇದ್ದರೆ ಏನೂ ಆಗುವುದಿಲ್ಲ. ಜೀವಕೋಶದ ಮೇಲಿರುವ ಗ್ರಾಹಿಗಳೆಂಬ ಪ್ರೋಟೀನುಗಳು ಅದನ್ನು ಹಿಡಿದುಕೊಂಡಾಗ ಮಾತ್ರ ಸುದ್ದಿ ಒಳಗೆ ಮುಟ್ಟುತ್ತದೆ. ಒಂದು ಬಗೆಯ ಗ್ರಾಹಿಯನ್ನು ಔಷಧಿಯಿಂದ ಮುಚ್ಚಿಬಿಟ್ಟರೆ ನಿಲ್ಲುವುದು ದಿನನಿತ್ಯದ ಏರಿಕೆಯೋ, ಹೆದರಿಕೆಯ ಏರಿಕೆಯೋ? ವಿಜಯವಾಡದಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದ ಅಪ್ಪ ಇದನ್ನು ಪೂರ್ತಿ ಕೇಳಿಸಿಕೊಂಡು, "ಇಲಿಗೆ ಎಂಥಾ ಟೆನ್ಷನ್ನಮ್ಮ, ಅದಕ್ಕೇನು ಟ್ರಾನ್ಸ್‌ಫರ್ ಆಗತ್ತಾ?" ಎಂದಿದ್ದರು.

ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಅಟೆಂಡರು ಐವತ್ತರ ಹತ್ತಿರದ ಒಬ್ಬ ತೆಲುಗಿನವರು. ಮೊದಲು ನೌಕಾದಳದ ಕ್ವಾರ್ಟರ್ಸಿನಲ್ಲಿ ಧಾರವಾಡದವರೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಮೈಸೂರಿನವಳಾದ ನನ್ನೊಡನೆ ಧಾರವಾಡದ ಕನ್ನಡ ಆಡುತ್ತಿದ್ದರು. ಇಲಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಇನ್ನೊಂದು ಕೈಯಿಂದ ಮುಚ್ಚಿದರೆ ಅದು ಸೂಜಿ ಚುಚ್ಚುವ ತನಕ ಮಿಸುಕುತ್ತಿರಲಿಲ್ಲ. ಒಂಬತ್ತು ವರ್ಷದಿಂದ ದಿನಗೂಲಿಯಲ್ಲಿದ್ದರು. ಆ ಶರತ್ಕಾಲದಲ್ಲಿ ಅವರನ್ನು ಖಾಯಂ ಮಾಡುವ ಫೈಲು ನನ್ನ ಮಾರ್ಗದರ್ಶಕರ ಮೇಜಿನ ಮೇಲೆ ಸಹಿಗೆ ಬಂದಿತ್ತು.

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಯ ಪದ್ಧತಿಯನ್ನು ಅವರಿಗೆ ವಿವರಿಸಿದವಳು ನಾನೇ. ಹೊಲಿಗೆ ಯಂತ್ರಕ್ಕೆ, ಸ್ಕೂಟರಿಗೆ, ಅಮ್ಮನ ಈಳಿಗೆಮಣೆಗೆ, ಅಪ್ಪನ ಪೆನ್ನಿಗೆ, ಯಾವುದರಿಂದ ಅನ್ನ ಹುಟ್ಟುತ್ತದೋ ಅದಕ್ಕೆಲ್ಲ ಕುಂಕುಮ ಹಚ್ಚುತ್ತೇವೆ ಎಂದೆ. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ನಮ್ಮಿಬ್ಬರಿಗೂ ಅನ್ನ ಕೊಡುವುದು ಯಾವುದು ಎಂದು ಕೇಳಿದರು. ನಾನು ನಕ್ಕು ಪಂಜರಗಳ ಕಡೆ ಕೈ ತೋರಿಸಿದೆ.

ಮರುದಿನ ರಜೆ. ಆದರೆ ಔಷಧಿ ಕೊಟ್ಟ ಏಳನೆಯ ದಿನವಾದ್ದರಿಂದ ಮಧ್ಯಾಹ್ನ ರಕ್ತ ತೆಗೆಯಬೇಕಿತ್ತು. ಹತ್ತೂವರೆಗೆ ಬಂದು ಬಾಗಿಲು ತೆರೆದೆ. ಇಲಿಗಳ ಆ ರಾತ್ರಿಯಲ್ಲಿ ಅವರು ತಟ್ಟೆಯಲ್ಲಿ ಕರ್ಪೂರ ಉರಿಸಿಕೊಂಡು, ಎಡಗೈಯಲ್ಲಿ ಗಂಟೆ ಬಾರಿಸುತ್ತ, ಒಂದೊಂದೇ ಪಂಜರಕ್ಕೆ ಆರತಿ ಎತ್ತುತ್ತಿದ್ದರು. ಪ್ರತಿ ಪಂಜರದ ಚೀಟಿಯ ಮೇಲೂ ಕುಂಕುಮದ ಬೊಟ್ಟಿತ್ತು. ಇಲಿಗಳು ಮೂಲೆಗೆ ಸೇರಿಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಬೆಳಕು ಕಣ್ಣಿನಿಂದ ಮಿದುಳಿನ ಗಡಿಯಾರಕ್ಕೆ ಹೇಗೆ ಹೋಗುತ್ತದೆ ಎಂದು ನಾನು ಹಿಂದಿನ ತಿಂಗಳಷ್ಟೇ ಸೆಮಿನಾರಿನಲ್ಲಿ ಹೇಳಿದ್ದೆ.

"ಏನ್ ಆಗಂಗಿಲ್ರಿ ಅಮ್ಮಗಾರು, ಎರಡೇ ನಿಮಿಷ," ಎಂದು ಅವರು ತಟ್ಟೆಯನ್ನು ನನ್ನ ಮುಂದೆ ಹಿಡಿದರು.

ನಾನು ಚಪ್ಪಲಿ ಬಿಟ್ಟು, ಎರಡೂ ಕೈ ಚಾಚಿ ಆರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ. ತಟ್ಟೆ ಮುಂದೆ ಬಂದಾಗ ಬೇರೇನಾದರೂ ಮಾಡಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಹನ್ನೆರಡಕ್ಕೆ ರಕ್ತ ತೆಗೆದೆವು. ದಿನಚರಿ ಪುಸ್ತಕದಲ್ಲಿ ಆ ದಿನದ 'ವಿಶೇಷ' ಎಂಬ ಅಂಕಣದಲ್ಲಿ 'ಇಲ್ಲ' ಎಂದು ಬರೆದೆ.

ಹಾರ್ಮೋನಿನ ಲೆಕ್ಕ ಬರಲು ಎರಡು ವಾರ ಹಿಡಿಯಿತು. ಔಷಧಿ ಕೊಡದ ಇಲಿಗಳಲ್ಲಿ ಕೂಡ ಹಾರ್ಮೋನು ಮಿತಿಮೀರಿ ಏರಿತ್ತು, ಬೆಕ್ಕು ಕಂಡವುಗಳ ಹಾಗೆ. ಮಾರ್ಗದರ್ಶಕರು ಪ್ರಾಣಿಗಳ ಕೋಣೆಗೆ ಹೋದರು. ಒಂದು ಚೀಟಿಯನ್ನು ಬೆರಳಿನಿಂದ ಒರೆಸಿ ನೋಡಿಕೊಂಡರು. ಮೂಸಿಯೂ ನೋಡಿದರು. ನಮ್ಮ ಅಟೆಂಡರನ್ನು ಕರೆಸಿ ಕೇಳಿದಾಗ, ದೀಪ ಹಚ್ಚಿದ್ದು ತಾನೇ, ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ಅವರು ತೆಲುಗಿನಲ್ಲಿ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಸಹಿಯಾಗಬೇಕಿದ್ದ ಫೈಲನ್ನು ಮಾರ್ಗದರ್ಶಕರು ಮೇಜಿನ ಮೇಲಿಂದ ತೆಗೆದು ಡ್ರಾಯರಿನಲ್ಲಿಟ್ಟರು.

ಆ ಶನಿವಾರ ರೈಲಿನಲ್ಲಿ ವಿಜಯವಾಡಕ್ಕೆ ಹೋದೆ. ಅಮ್ಮ ಎರಡು ಸಲ ಅನ್ನ ಬಡಿಸಲು ಬಂದರು, ಎರಡು ಸಲವೂ ಬೇಡವೆಂದೆ. ಆಮೇಲೆ ಅಪ್ಪನಿಗೆ ಎಲ್ಲ ಹೇಳಿದೆ. ಬ್ಯಾಂಕಿನಲ್ಲಿ ಬೇರೆಯವರ ವಿವರಣಾ ಪತ್ರಗಳನ್ನು ಓದಿ ಓದಿ ರೂಢಿಯಾಗಿದ್ದ ಅಪ್ಪ ಒಂದೇ ಮಾತು ಹೇಳಿದರು: "ನೋಡಿದ್ದು ಬರಿ, ಮಾಡಿದ್ದು ಬರಿ. ಅಂದ್ಕೊಂಡಿದ್ದು ಬರೀಬೇಡ."

ಮಾರ್ಗದರ್ಶಕರಿಗೆ ಪತ್ರವನ್ನು ಮೂರು ಸಲ ಬರೆದೆ. ಮೊದಲನೆಯದರಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೆ. ಎರಡನೆಯದರಲ್ಲಿ ಒಳಗೆ ಬಂದಿದ್ದೆ. ಮೂರನೆಯದರಲ್ಲಿ ಪಂಜರಗಳ ಕಡೆ ಕೈ ತೋರಿಸಿದ್ದು, ಆರತಿ ತೆಗೆದುಕೊಂಡದ್ದು, 'ಇಲ್ಲ' ಎಂದು ಬರೆದದ್ದು, ಎಲ್ಲ ಬಂತು.

ಮಾರ್ಗದರ್ಶಕರು ಅದನ್ನು ಕನ್ನಡಕ ಏರಿಸಿಕೊಂಡು ಓದಿದರು. ಕರ್ಪೂರ ಎಷ್ಟು ನಿಮಿಷ ಉರಿಯಿತು, ಗಂಟೆ ಎಷ್ಟು ದೊಡ್ಡದು ಎಂದು ಕೇಳಿ ಅಂಚಿನಲ್ಲಿ ಗುರುತು ಹಾಕಿಕೊಂಡರು. ಆ ತಂಡದ ಫಲಿತಾಂಶವನ್ನು ಕೈಬಿಡಬೇಕು, ಮತ್ತೆ ಮೊದಲಿನಿಂದ ಮಾಡು ಎಂದರು. ಅಟೆಂಡರ ಫೈಲಿನ ವಿಷಯ ನಾನೇ ಎತ್ತಿದೆ. ನೀನು ಅಲ್ಲಿದ್ದದ್ದರಿಂದ ಅವರು ಹಚ್ಚಿದ ದೀಪ ಆರಿಹೋಗುವುದಿಲ್ಲ ಎಂದು ಅವರು ಇಂಗ್ಲಿಷಿನಲ್ಲಿ, ಸಿಟ್ಟಿಲ್ಲದೆ, ಹೇಳಿದರು. ಅಟೆಂಡರು ಅಂದಿನಿಂದ ಪ್ರಾಣಿಗಳ ಕೋಣೆಗೆ ಹೋಗಬಾರದೆಂದಾಯಿತು. ಅವರನ್ನು ಗಾಜಿನ ಸಾಮಾನು ತೊಳೆಯಲು ಹಾಕಿದರು. ನನ್ನ ಪತ್ರದಿಂದ ಆದದ್ದು ಇಷ್ಟೇ. ಸತ್ಯ ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಕೇಳಿದ್ದೆ. ನಾನು ಗಾಜು ತೊಳೆಯುವ ನಲ್ಲಿಯ ಕಡೆಯ ದಾರಿ ಬಿಟ್ಟು, ಕೆಲವು ವಾರ ಸುತ್ತು ಹಾಕಿ ಓಡಾಡಿದೆ.

ಅವರ ಜಾಗಕ್ಕೆ ಹೊಸಬರೊಬ್ಬರು ಬಂದರು. ಶುಭ್ರವಾದ ಮನುಷ್ಯ, ದೇವರ ಗೊಡವೆ ಇಲ್ಲ, ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ದಪ್ಪ ಚರ್ಮದ ಗ್ಲೌಸು ಹಾಕಿಕೊಂಡು ಇಲಿಗಳನ್ನು ಬಾಲ ಹಿಡಿದು ಎತ್ತುತ್ತಿದ್ದರು. ಅದೇ ಕೋಣೆಯಲ್ಲಿ ಬೆಳೆದ ಹೊಸ ತಂಡಕ್ಕೆ ಏಳು ದಿನ ಔಷಧಿ ಕೊಟ್ಟೆವು. ದೀಪವಿಲ್ಲ, ಗಂಟೆಯಿಲ್ಲ, ಟೈಮರನ್ನು ನಾನೇ ದಿನಕ್ಕೆರಡು ಸಲ ನೋಡಿದೆ. ಲೆಕ್ಕ ಬಂದಾಗ ಔಷಧಿ ಕೊಡದ ಇಲಿಗಳಲ್ಲಿ ಹಾರ್ಮೋನು ಕರ್ಪೂರದ ದಿನಕ್ಕಿಂತ ಮೇಲಿತ್ತು. ಗ್ರಾಹಿ ಮುಚ್ಚಿತೋ ತೆರೆಯಿತೋ ಕೇಳುವ ಹಾಗೆಯೇ ಇರಲಿಲ್ಲ.

ಮಾರ್ಗದರ್ಶಕರು ಎರಡೂ ಗ್ರಾಫುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಡ್ರಾಯರು ತೆಗೆದು, ಫೈಲಿನ ಮೇಲೆ ಕೈಬರಹದಲ್ಲೇ ಬರೆದರು: ಪ್ರಾಣಿಗಳು ಈ ವ್ಯಕ್ತಿಯ ಕೈಗೆ ಹೊಂದಿಕೊಂಡಿವೆ, ಇವರಿಲ್ಲದೆ ಪ್ರಯೋಗಗಳಿಂದ ನಂಬಬಹುದಾದ ಫಲಿತಾಂಶ ಬರುವುದಿಲ್ಲ, ಆದ್ದರಿಂದ ಖಾಯಂ ಮಾಡಬೇಕು. ಕರ್ಪೂರದ ಪ್ರಸ್ತಾಪ ಇರಲಿಲ್ಲ. ಸಹಿ ಹಾಕಿದರು.

ಸುದ್ದಿ ಹೇಳಲು ನಾನು ಹೋದಾಗ ಅಟೆಂಡರು ನಲ್ಲಿಯ ಕೆಳಗೆ ಪಿಪೆಟ್ಟು ಎಂಬ ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದರು. ಫೈಲಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿಸಿಕೊಂಡರು, ಇನ್ನೊಂದು ಸಲ ಹೇಳಿಸಿಕೊಂಡರು. ಕೈ ಒರೆಸಿಕೊಂಡರು.

"ಹಂಗಾದ್ರ ನೀವು ಬರದ ಕಾಗದಕ್ಕಿಂತ ಇಲಿ ರಕ್ತಾನ ಛಲೋ ಸಾಕ್ಷಿ ಹೇಳ್ತು ಅನ್ರಿ, ಅಮ್ಮಗಾರು."

ಹೌದು ಎಂದೆ. ಅವರು ಪಿಪೆಟ್ಟುಗಳನ್ನು ನನ್ನ ಕೈಗೆ ಕೊಟ್ಟು, ಇಲಿಗಳ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರು.