ರೇಡಿಯೋ ಕೇಳುವುದಿಲ್ಲ ಎಂದ ಅವ್ವ

ಬಾಡಿಗೆ ಕೋಣೆ ಹುಡುಕುತ್ತ ಪುಣೆಯಲ್ಲಿ ನಾನು ಹೋಗಿ ನಿಂತ ಮೊದಲ ಬಾಗಿಲಿನ ಮೇಲೆ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ತಟ್ಟಬಾರದು ಎಂದು ಬರೆದಿತ್ತು. ನಮ್ಮ ಹೊನ್ನಾಳಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿದ್ದರೆ ಏನಾಯಿತೋ ಎಂದು ಪಕ್ಕದ ಮನೆಯವರು ಬಂದು ನೋಡುತ್ತಾರೆ. ನಾಲ್ಕರವರೆಗೆ ಮೆಟ್ಟಿಲ ಮೇಲೆ ಕೂತೆ. ಬಾಗಿಲು ತೆರೆದ ಆಜಿ, ಅಂದರೆ ಅಜ್ಜಿ, ನನಗೊಂದು ಖೋಲಿ ಕೊಟ್ಟರು. ಖೋಲಿ ಎಂದರೆ ಕೋಣೆ. ಕಾಲು ಚಾಚಿದರೆ ಗೋಡೆ ಸಿಗುತ್ತಿತ್ತು.

ಅದು ಎಪ್ಪತ್ತರ ದಶಕದ ಕೊನೆ. ರೇಡಿಯೋದಿಂದ ಹಳ್ಳಿಯ ಬದುಕು ಬದಲಾಗಿದೆಯೇ ಎಂಬುದು ವಿಶ್ವವಿದ್ಯಾಲಯದಲ್ಲಿ ನನ್ನ ಸಂಶೋಧನೆ. ಬೇಳೆಸಾರಿಗೆ ಬೆಲ್ಲ ಹಾಕುವ ಊರಿನಲ್ಲಿ ಮೊದಲ ತಿಂಗಳು ತಟ್ಟೆ ಮುಂದೆ ಕೂತರೆ ಅಳು ಬರುತ್ತಿತ್ತು. ಆದರೆ ಅಲ್ಲಿನವರ ನೇರ ಮಾತು ಹಿಡಿಸಿತು. ಅಭ್ಯಾಸಕ್ಕೆಂದು ಪ್ರಶ್ನಾವಳಿ ಹಿಡಿದು ಕೂತರೆ ಆಜಿ ಯಾವ ಕಾರ್ಯಕ್ರಮ, ಎಷ್ಟು ಹೊತ್ತು, ಯಾವುದು ಬರೀ ಬೇಜಾರು ಎಂದೆಲ್ಲ ಬಿಡಿಸಿ ಹೇಳಿದರು. ಆರು ತಿಂಗಳಲ್ಲಿ ನಾನೂ ತರಕಾರಿಯವಳ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಿ ಗೆಲ್ಲುತ್ತಿದ್ದೆ.

ರಜೆಯಲ್ಲಿ ಅದೇ ಪ್ರಶ್ನಾವಳಿ ಹಿಡಿದು ಊರಿಗೆ ಬಂದೆ. ಹೆಂಗಸರದೆಲ್ಲ ಒಂದೇ ಮಾತು: "ರೇಡಿಯೋನಾ? ನಾವೆಲ್ಲಿ ಕೇಳ್ತೀವಿ." ಅವ್ವನೂ ಹಾಗೇ ಅಂದಳು. ಬರೆದುಕೊಂಡೆ. ಹೆಂಗಸರಿಗೆ ರೇಡಿಯೋ ತಲುಪಿಯೇ ಇಲ್ಲ ಎಂದು ಪ್ರಬಂಧ ಟೈಪ್ ಮಾಡಿಸಿದೆ. ಮಾರ್ಗದರ್ಶಕರು ಮೆಚ್ಚಿದರು. ಇದು ಒಪ್ಪಿಗೆಯಾದರೆ ಇಲ್ಲೇ ಉಪನ್ಯಾಸಕಿಯ ಕೆಲಸ ಎಂದೂ ಹೇಳಿದರು.

ಸಲ್ಲಿಸುವ ಮುಂಚೆ ಊರಿಗೆ ಬಂದಾಗ ಅವ್ವ ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಸುರಿದು, ತೇಲಿದ ಜೊಳ್ಳು ತೆಗೆಯುತ್ತಿದ್ದಳು. ನಮ್ಮ ಮನೆಯಲ್ಲಿ ಹಿಂದೆ ಈ ಪದ್ಧತಿ ಇರಲಿಲ್ಲ.

"ಇದನ್ನ ಯಾರು ಹೇಳಿಕೊಟ್ರವ್ವ?"

"ಟೈಲರ್ ಸಾಬರ ರೇಡಿಯೋದಾಗೆ ಹೇಳಿದ್ರು. ಸಂಜಿಮುಂದೆ ಗೋಡೆ ಆಚೆಯಿಂದ ದಿನಾ ಕೇಳಿಸ್ತೈತಲ್ಲ."

"ಮತ್ತೆ ಅವತ್ತು ಇಲ್ಲ ಅಂದಿ?"

"ನೀನು ಕಾಗದ ಹಿಡಕಂಡು ಕುಂತಿದ್ದಿ. ಕೆಲಸ ಬಿಟ್ಟು ರೇಡಿಯೋ ಕೇಳ್ತಾಳೆ ಅಂತ ಬರಕಂಡು ಹೋದ್ರೆ ನನ್ ಮಾನ ಏನಾಗ್ಬೇಕು? ಓಣಿ ಹೆಂಗಸ್ರೆಲ್ಲ ಅದಕ್ಕೇ ಹಂಗಂದಿದ್ದು."

ನಾಚಿಕೆಯಾಯಿತು. ಈ ಓಣಿಯಲ್ಲೇ ಬೆಳೆದವಳಿಗೆ ಇಷ್ಟು ಹೊಳೆಯಬೇಕಿತ್ತು. ಹೆತ್ತವ್ವನ ಕಣ್ಣಿಗೇ ನಾನು ಜನಗಣತಿಯವಳ ಹಾಗೆ ಕಂಡಿದ್ದೆ.

ಪುಣೆಗೆ ಹೋಗಿ, ಪ್ರಬಂಧ ತಪ್ಪು, ಸಲ್ಲಿಸುವುದಿಲ್ಲ ಎಂದೆ. ಕೆಲಸ ಕೈತಪ್ಪುತ್ತದೆ ಎಂದು ಮಾರ್ಗದರ್ಶಕರು ಎಚ್ಚರಿಸಿದರು. ತಪ್ಪಿತು ಕೂಡ. ನಾನೇನೂ ಕುಗ್ಗಲಿಲ್ಲ; ಗೊತ್ತಿದ್ದೂ ಸುಳ್ಳು ಬರೆದು ಪಾಠ ಹೇಳುವುದು ನನ್ನ ಕೈಲಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಕಾಗದವಿಲ್ಲದೆ ಓಣಿಯ ಜಗಲಿಗಳ ಮೇಲೆ ಕೂತು ಹೆಂಗಸರ ಜೊತೆ ಅಕ್ಕಿ ಆರಿಸಿದೆ. ರೇಡಿಯೋ ಮಾತು ತಾನಾಗಿ ಬಂತು. ಅದನ್ನಿಟ್ಟುಕೊಂಡು ಪ್ರಬಂಧ ಹೊಸದಾಗಿ ಬರೆದೆ. ಪದವಿ ಎರಡು ವರ್ಷ ತಡವಾಗಿ ಸಿಕ್ಕಿತು, ಆಮೇಲೆ ಪುಣೆಯಲ್ಲೇ ಇನ್ನೊಂದು ಕೆಲಸವೂ ಸಿಕ್ಕಿತು.

ಈಗ ಪುಣೆಯಲ್ಲಿ ಮಧ್ಯಾಹ್ನ ಯಾರಾದರೂ ಬಾಗಿಲು ತಟ್ಟಿದರೆ ನನಗೇ ಸಿಟ್ಟು ಬರುತ್ತದೆ. ಕಳೆದ ಸಲ ಊರಿಗೆ ಹೋದಾಗ ಒಲೆ ಮುಂದಿದ್ದ ಅವ್ವ ನನ್ನ ಕೈಚೀಲ ನೋಡಿದಳು.

"ಈ ಸಲ ಬರಕಣಾಕೆ ಬಂದೀಯೋ, ಉಣ್ಣಾಕೆ ಬಂದೀಯೋ?"

"ಉಣ್ಣಾಕೇ ಕಣವ್ವ" ಎಂದೆ.

ಅವ್ವ ನಕ್ಕಳು. ಆದರೂ ತಟ್ಟೆ ಹಾಕುವ ಮುಂಚೆ, ಹೊರಗಿನವರು ಬಂದಾಗ ಮಾಡುವಂತೆ, ಸೆರಗು ಸರಿಮಾಡಿಕೊಂಡಳು.